ಚಿಪ್ಪಿನ ಜೊತೆಗೇ ಹೋದದ್ದು

ಅಟ್ಟದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನನ್ನನ್ನು ಪಡಸಾಲೆಯ ಪಕ್ಕದ ಕೋಣೆಗೆ ಹಾಕಿದರು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಆ ಕೋಣೆಯಲ್ಲಿ ಮಾತ್ರ. ಹಾಗಾಗಿ ಸೊಸೆಯ ಕಂಪ್ಯೂಟರೂ ಅಲ್ಲೇ. ಅವಳು ಮೀಟಿಂಗಿನಲ್ಲಿದ್ದರೆ ನಾನು ಕೆಮ್ಮುವ ಹಾಗಿಲ್ಲ. ಹಿತ್ತಿಲಲ್ಲಿ ಕಾಯಿ ಸುಲಿಯುವ ಸದ್ದು ಬರುತ್ತದೆಂದು ಕಿಟಕಿಯೂ ಮುಚ್ಚಿದ್ದೇ. ತಲೆಯ ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಏರಿಸಿದ ಕಾಯಿ. ಅವೂ ಒಣಗುತ್ತಿವೆ, ನಾನೂ.

ದಂಡಿನಶಿವರದಲ್ಲಿ ನನ್ನ ತಂಗಿ ಇದ್ದಾಳೆ. ಅವಳೂ ಹಾಸಿಗೆ ಹಿಡಿದವಳೇ. ಸಕ್ಕರೆ ಕಾಯಿಲೆಗೆ ಒಂದು ಕಣ್ಣು ಹೋಯಿತು, ಇನ್ನೊಂದು ಹೋಗುತ್ತಿದೆ. ಪೂರ್ತಿ ಹೋಗುವುದರೊಳಗೆ ಬಂದು ಮುಖ ತೋರಿಸು ಎಂದು ಹೇಳಿಕಳಿಸಿದ್ದಳು. ಬಸ್ಸು ಹತ್ತಲು ನನ್ನಿಂದ ಆಗದು. ಬಾಡಿಗೆ ಕಾರಿನವನು ನನ್ನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಾನೆಯೇ? ಸೊಸೆಯೇ ಬರಬೇಕು.

"ಈ ಕೆಲ್ಸ ಒಪ್ಪಿಸಿದ ಮಾರನೇ ದಿನವೇ ಕರ್ಕೊಂಡೋಗ್ತೀನಿ ಅತ್ತೆ" ಎಂದಿದ್ದಳು.

ಕೆಲಸ ಸುತ್ತಲ ಹಳ್ಳಿಗಳ ರೈತರ ಸಂಘದ್ದು. ಯಾರ ಅಟ್ಟದಲ್ಲಿ ಯಾವಾಗ ಏರಿಸಿದ ಕಾಯಿ ಇದೆ ಎಂದು ಫೋನಿನಲ್ಲೇ ನೋಡುವ ಏರ್ಪಾಡು. ಅದಕ್ಕಾಗಿ ಮನೆಮನೆಗೆ ಹೋಗಿ ಕೇಳಿಕೊಂಡು ಬಂದು ಕಂಪ್ಯೂಟರಿಗೆ ತುಂಬುತ್ತಿದ್ದಳು. ತುಂಬಿದ್ದೆಲ್ಲ ಇರುವುದು ಡೇಟಾಬೇಸಿನಲ್ಲಂತೆ. ಆ ಡೇಟಾಬೇಸು ಓಡುವುದು ಕಂಟೇನರಿನ ಒಳಗಂತೆ.

"ಅಂಗಂದ್ರೇನೇ?" ಎಂದೆ.

"ಕಾಯಿ ಚಿಪ್ಪು ಇದ್ದಂಗೆ ಅತ್ತೆ. ಕಂಪ್ಯೂಟರಿನ ಮಿಕ್ಕ ಸಾಮಾನಿಗೆ ತಾಗದಂಗೆ ಒಳಗೇ ಇರ್ತದೆ. ಕೆಟ್ರೆ ಚಿಪ್ಪು ಎಸ್ದು ಹೊಸದು ತಗಂಡ್ರಾಯ್ತು."

"ಒಳಗಿನ ಕೊಬ್ರಿ?"

"ಅದೆಲ್ಲೋಯ್ತದೆ?"

ನಮ್ಮ ಕಡೆಯ ಕಾಯಿಗೆ ಅದು ಸರಿಯಾದ ಮಾತೇ. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಬಿಡಿಸಿಕೊಂಡು ಗುಡುಗುಡು ಎನ್ನುತ್ತದೆ. ಆಗ ಚಿಪ್ಪು ಒಡೆದರೆ ಉಂಡೆ ಇಡಿಯಾಗಿ ಕೈಗೆ ಬರುತ್ತದೆ, ಚಿಪ್ಪು ಒಲೆಗೆ ಹೋಗುತ್ತದೆ. ಸೊಸೆ ಅರಳಗುಪ್ಪೆ ಕಡೆಯವಳು. ಹುಟ್ಟಿದಾಗಿನಿಂದ ಅವಳೂ ನೋಡಿದ್ದು ಇದನ್ನೇ.

ಸಂಘದವರಿಗೆ ತೋರಿಸುವ ಹಿಂದಿನ ದಿನ ಆ ಡೇಟಾಬೇಸು ಕಚ್ಚಿಕೊಂಡು ನಿಂತಿತು. ಏನು ಒತ್ತಿದರೂ ಅಲುಗಲಿಲ್ಲ. ಅವಳು ಯೋಚನೆಯನ್ನೇ ಮಾಡದೆ ಆ ಕಂಟೇನರನ್ನು ಅಳಿಸಿ ಹೊಸದು ಹಾಕಿದಳು. ಹೊಸದು ಚೆನ್ನಾಗಿ ಓಡಿತು. ಒಳಗೆ ಏನೂ ಇರಲಿಲ್ಲ.

ತುಂಬಿದ್ದು ಉಳಿಯಬೇಕಾದರೆ ಕಂಟೇನರಿನ ಹೊರಗೆ ಅದಕ್ಕೊಂದು ಜಾಗ ತೋರಿಸಿರಬೇಕಂತೆ. ಅವಳು ತೋರಿಸಿರಲಿಲ್ಲ. ಚಿಪ್ಪಿನ ಜೊತೆಗೇ ಕೊಬ್ಬರಿಯೂ ಹೋಯಿತು.

ಅವಳು ಅಳಲಿಲ್ಲ. ಪರದೆ ನೋಡುತ್ತ ಕೂತಳು.

"ಈಗೇನ್ ಮಾಡ್ತೀಯೇ?"

"ಮತ್ತೆ ಎಲ್ಲಾರ ಮನೆ ಬಾಗ್ಲಿಗೂ ಹೋಗ್ಬೇಕು."

"ನನ್ನನ್ನ ತಂಗಿ ಮನೆಗೆ ಬುಟ್ಟು ಬಂದು ಆಮೇಲೆ ಹೋಗು."

"ನಿಮ್ಮಿಬ್ರನ್ನೂ ನೋಡ್ಕಳೋರು ಅಲ್ಲಿ ಯಾರವ್ರೆ ಅತ್ತೆ? ನಾನು ಅಲ್ಲಿ ಎರಡು ದಿನ ಕೂತ್ರೆ ಈ ಕೆಲ್ಸ ಬೇರೆಯೋರ ಪಾಲಾಯ್ತದೆ."

ಅವಳ ಮಾತೂ ಸುಳ್ಳಲ್ಲ. ಅವಳೂ ಎಲ್ಲಿಗೂ ಹೋಗುವ ಹಾಗಿಲ್ಲ. ನನಗೆ ಸಿಟ್ಟು ಮಾತ್ರ ಇಳಿಯಲಿಲ್ಲ. ಮಧ್ಯಾಹ್ನ ಉಣ್ಣಲಿಲ್ಲ.

ಸಂಜೆ ಅವಳು ವಿಡಿಯೋ ಕಾಲ್ ಹಚ್ಚಿ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಆ ಕಡೆ ತಂಗಿ ಫೋನನ್ನು ಕಣ್ಣಿಗೆ ಅಂಟಿಸಿಕೊಂಡಿದ್ದಳು. ನನಗೆ ಕಂಡದ್ದು ಅವಳ ಮೂಗು.

"ಏನೋ ಕಪ್ಪಗೆ ಅಲ್ಲಾಡ್ತದೆ. ಅದು ನೀನೇನಕ್ಕಾ, ಎಮ್ಮೆನಾ?"

"ನಾನೇ ಕಣೇ."

"ಹಂಗಾರೆ ನೀನೇ ಅಂದ್ಕತೀನಿ, ಬುಡು."