ಗಾಜು ಮಲಗಿಸಿಕೊಂಡು ತವರಿಗೆ

ನನ್ನ ಅತ್ತೆಗೆ ಗಾಜಿನ ಹಿಂದೆ ಕೂತರೆ ವಾಂತಿ. ಬಸ್ಸಾಗಲಿ ಕಾರಾಗಲಿ, ನಾಲ್ಕು ತಿರುವು ದಾಟುವಷ್ಟರಲ್ಲಿ ಮುಖ ಬಿಳಿಚಿಕೊಂಡು ಸೆರಗು ಬಾಯಿಗೆ ಹೋಗುತ್ತಿತ್ತು. ನಿಂಬೆಹಣ್ಣು ಮೂಸಿದ್ದಾಯಿತು, ಮಾತ್ರೆ ನುಂಗಿದ್ದಾಯಿತು, ಯಾರೋ ಹೇಳಿದರೆಂದು ಪೇಪರ್ ಹಾಸಿಕೊಂಡು ಅದರ ಮೇಲೆ ಕೂತಿದ್ದೂ ಆಯಿತು. ವಾಂತಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಂದೊಳ್ಳಿ ಹತ್ತಿರದ ನಮ್ಮ ಮನೆಯಿಂದ ಅವರ ತವರಿಗೆ ಹೋಗಬೇಕೆಂದರೆ ಯಲ್ಲಾಪುರ, ಶಿರಸಿ ಎಲ್ಲ ದಾಟಿ ಸಿದ್ದಾಪುರದಿಂದಲೂ ಆಚೆ ಹೋಗಬೇಕು. ಹೋಗಿ ಬಂದರೆ ವಾರವಿಡೀ ಮಲಗುತ್ತಿದ್ದರು. ಕೊನೆಗೆ ಹೋಗುವುದನ್ನೇ ಬಿಟ್ಟರು.

ತವರಿನಲ್ಲಿ ಇರುವುದು ಒಬ್ಬರೇ ತಮ್ಮ. ಅವರ ಮೇಲೆ ಅತ್ತೆಗೆ ಹೊಟ್ಟೆಯೊಳಗೆ ಕೆಂಡದಂಥ ಸಿಟ್ಟು. ಆ ತಮ್ಮ ಒಂದು ಸಲವೂ ನಮ್ಮ ಮನೆಗೆ ಬಂದವರಲ್ಲ. ನನ್ನ ಗಂಡನ ಉಪನಯನಕ್ಕಿಲ್ಲ, ನಮ್ಮ ಮದುವೆಗಿಲ್ಲ, ಹೊಸ ಮನೆ ಪ್ರವೇಶಕ್ಕಿಲ್ಲ. ಪ್ರತಿ ಸಲವೂ ಅವರ ಹೆಂಡತಿ ಒಬ್ಬರೇ ಇಳಿದು, "ದನ ಕರು ಹಾಕಿದ್ದು, ಇವಕ್ಕೆ ಬಪ್ಪಲೆ ಆಜಿಲ್ಲೆ" ಎಂದು ಗಂಡನಿಗೆ ಬರಲಾಗದ್ದಕ್ಕೆ ಕಾರಣ ಹೇಳುವುದು. ನಮ್ಮಲ್ಲಿ ಕಾರ್ಯ ನಿಶ್ಚಯವಾಯಿತೆಂದರೆ ಅವರ ಕೊಟ್ಟಿಗೆಯ ದನಕ್ಕೆ ಹೇಗೋ ಸುದ್ದಿ ಮುಟ್ಟುತ್ತದೆ ಎಂದು ನಾವು ನಗಾಡುತ್ತಿದ್ದೆವು. ನನ್ನ ಮಾವ ತೀರಿಕೊಂಡಾಗಲೂ ಹೆಂಡತಿಯೇ ಬಂದು ಅದೇ ದನದ ಕಥೆ ಹೇಳಿದರು. ಆವತ್ತು ಯಾರೂ ನಗಲಿಲ್ಲ.

ಈ ವರ್ಷ ತಮ್ಮನಿಗೆ ಎಪ್ಪತ್ತು ತುಂಬಿತು. ಶಾಂತಿ ಮಾಡಿಸುತ್ತಿದ್ದೇವೆ, ಅಕ್ಕ ಬಂದು ಆರತಿ ಎತ್ತಬೇಕು ಎಂದು ಫೋನು ಬಂತು. ಅತ್ತೆ ಫೋನಿಟ್ಟು ನನ್ನ ಕಡೆ ತಿರುಗಿದರು.

"ಹೋಗ್ತೆ. ಆರತಿ ಎತ್ತಿಕ್ಕೆ ಒಂದೇ ಮಾತು ಕೇಳ್ತೆ, ಎಂತಕ್ಕೆ ಎನ್ನ ಮನೆಗೆ ಬೈಂದೇ ಇಲ್ಲೆ ಹೇಳಿ. ಸರಿ ಉತ್ತರ ಕೊಡದಿದ್ರೆ ಅಲ್ಲಿಗೆ ಎನಗೆ ತವರು ಮುಗತ್ತು," ಎಂದರು. ಅತ್ತೆ ಹೇಳಿದರೆಂದರೆ ಹೇಳಿದ ಹಾಗೆಯೇ. ಆ ಹಟದ ಜೊತೆ ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವಳು ನಾನು, ನನಗೆ ಗೊತ್ತಿಲ್ಲವೇ?

ಹೋಗುವ ದಾರಿ ಮಾತ್ರ ಆಗಲೇ ಸಿಕ್ಕಿತ್ತು. ನಮ್ಮದೊಂದು ಹಳೆಯ ಜೀಪಿದೆ, ಗೊಬ್ಬರ ಹೊರುವುದಕ್ಕೆ. ಹೋದ ಚಳಿಗಾಲದಲ್ಲಿ ಎದುರಿನ ಲಾರಿಯಿಂದ ಕಲ್ಲು ಸಿಡಿದು ಮುಂದಿನ ಗಾಜು ಒಡೆಯಿತು. ನನ್ನ ಗಂಡ ಒಡೆದ ಗಾಜನ್ನು ತೆಗೆದು, ಬರಿ ಚೌಕಟ್ಟನ್ನು ಬಾನೆಟ್ಟಿನ ಮೇಲೆ ಮಲಗಿಸಿ ಕಟ್ಟಿದರು. ಆಗಲೇ ಅತ್ತೆಗೆ ಹಲ್ಲುನೋವು ಬಂದು, ಬೇರೆ ಗತಿಯಿಲ್ಲದೆ ಅದರಲ್ಲೇ ಯಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಹೋಗುವಾಗಲೂ ವಾಂತಿಯಿಲ್ಲ, ಬರುವಾಗಲೂ ಇಲ್ಲ. ಹೊಸ ಗಾಜು ಹಾಕಿಸಿದ ಮೇಲೆ ಕೂತರು, ಮತ್ತೆ ಶುರು. ಅಂದರೆ ಇವರಿಗೆ ಗಾಳಿ ಎದುರಿನಿಂದ ಮುಖಕ್ಕೇ ಹೊಡೆಯಬೇಕು, ಅಷ್ಟೆ.

ಶಾಂತಿಯ ದಿನ ಬೆಳಿಗ್ಗೆ ನಾನು ಜೀಪಿನ ಮೇಲಿನ ಬಟ್ಟೆಯ ಹುಡ್ ಬಿಚ್ಚಿ, ಎರಡೂ ಬದಿಯ ಕೊಂಡಿ ಕಳಚಿ, ಗಾಜನ್ನು ಮುಂದಕ್ಕೆ ಮಲಗಿಸಿದೆ. ಕೆಳಗೊಂದು ಗೋಣಿಚೀಲ ಮಡಚಿಟ್ಟು, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಹಾಲು ಕರೆದು ಬಂದ ಗಂಡ ನೋಡಿ, "ಹೊಸ ಗಾಜು ಹಾಕ್ಸಿದ್ದು ಮಲಗ್ಸಿಡಲೆ ಅಲ್ದ?" ಎಂದರು.

"ನಿಂಗಳ ಗಾಜು ಹೋಗಿ ಆರತಿ ಎತ್ತತ್ತಾ?" ಎಂದೆ. ಅವರು ಹಾಲು ಹಿಡಿದು ಒಳಗೆ ಹೋದರು.

ಅತ್ತೆ ರೇಷ್ಮೆ ಸೀರೆಯ ಮೇಲೆ ಹಳೆಯ ಶಾಲು ಸುತ್ತಿ, ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಹತ್ತಿದರು. ನಾನು ತೋಟಕ್ಕೆ ಮದ್ದು ಹೊಡೆಯುವವರ ಕನ್ನಡಕ ಏರಿಸಿದೆ. ನಮ್ಮಿಬ್ಬರ ಅವತಾರ ದೇವರಿಗೇ ಪ್ರೀತಿ!

ಗಾಜಿಲ್ಲದ ಜೀಪಿನಲ್ಲಿ ಮಾತಾಡಲಾಗುವುದಿಲ್ಲ. ಬಾಯಿ ತೆರೆದರೆ ಹುಳ. ಉಮ್ಮಚಗಿ ಕಡೆಯ ತಿರುವಿನಲ್ಲಿ ದುಂಬಿಯೊಂದು ಹಣೆಗೆ ರಪ್ಪನೆ ಬಡಿಯಿತು, ಗುಬ್ಬಿಯಷ್ಟೇ ದೊಡ್ಡದಿರಬೇಕು. ಲಾರಿ ಎದುರಾದರೆ ಉಸಿರು ಹಿಡಿಯಬೇಕು, ಧೂಳು ಇಳಿದ ಮೇಲೆ ಬಿಡಬೇಕು. ನಲವತ್ತರ ಮೇಲೆ ಓಡಿಸಿದರೆ ಕಣ್ಣಲ್ಲಿ ನೀರು. ಹಿಂದಿದ್ದ ಬಸ್ಸಿನವರು ಹಾರನ್ ಒತ್ತಿದ್ದೇ ಒತ್ತಿದ್ದು. ಒತ್ತಲಿ, ನನ್ನ ಅಪ್ಪನ ಗಂಟೇನು ಹೋಗಬೇಕು! ಅತ್ತೆ ಎದುರಿನ ಹಿಡಿಕೆ ಹಿಡಿದು ನೆಟ್ಟಗೆ ಕೂತಿದ್ದರು. ಶಿರಸಿಯಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಒಂದೇ ಮಾತು: "ಅಡ್ಡಿಲ್ಲೆ." ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ತವರಿನಲ್ಲಿ ಹೋಮ ಮುಗಿಯಿತು. ಅತ್ತೆ ತಮ್ಮನಿಗೆ ಆರತಿ ಎತ್ತಿ, ತಟ್ಟೆ ಕೆಳಗಿಟ್ಟು, ನೆಂಟರೆಲ್ಲ ಕೇಳುವಂತೆಯೇ ಕೇಳಿಬಿಟ್ಟರು.

"ತಮಾ, ಒಂದು ದಿನಾನಾದ್ರೂ ಎನ್ನ ಮನೆ ಮೆಟ್ಲು ಹತ್ತಿದ್ಯಾ? ನಿನ್ನ ಭಾವ ಹೋದಾಗ್ಲಾದ್ರೂ ಬಪ್ಪಲೆ ಆಗ್ತಿತ್ತಿಲ್ಯಾ?"

ಅವರು ಅಕ್ಕನ ಮುಖ ನೋಡಲಿಲ್ಲ. "ಆಜಿಲ್ಲೆ ಅಕ್ಕಾ," ಎಂದರು. ಪಕ್ಕದಲ್ಲಿದ್ದ ಹೆಂಡತಿ ಸೀರೆಯ ಅಂಚು ತಿರುಚುತ್ತಿದ್ದರು. ಅಷ್ಟೇ. ನನಗೆ ಮೈ ಉರಿಯಿತು. ಎಪ್ಪತ್ತು ವರ್ಷದ ಮನುಷ್ಯ, ಒಂದು ಕಾರಣ ಹೇಳಲು ಏನು ಧಾಡಿ?

ಅತ್ತೆ ಊಟದಲ್ಲಿ ಸಿಹಿ ಮುಟ್ಟಲಿಲ್ಲ. ಕೈ ತೊಳೆದವರೇ "ತಂಗೀ, ಗಾಡಿ ತೆಗೆ" ಎಂದು ನನಗೆ ಹೇಳಿ (ನಮ್ಮಲ್ಲಿ ಸೊಸೆಯನ್ನೂ ತಂಗಿ ಎಂದೇ ಕರೆಯುವುದು) ಜೀಪಿನ ಹತ್ತಿರ ಬಂದು ಹತ್ತಿ ಕೂತರು. ಉಳಿಯಿರಿ ಎಂದು ಎಲ್ಲರೂ ಹೇಳಿದರು. ಕೇಳಬೇಕಲ್ಲ!

ಕಳಿಸಲು ಅಂಗಳದ ತುದಿಯವರೆಗೆ ಬಂದ ತಮ್ಮ, ಮಲಗಿಸಿದ ಗಾಜಿನ ಮೇಲೆ ಕೈಯಿಟ್ಟು ನಿಂತರು. "ಇದೆಂತ ತಂಗಿ, ಮುರದ್ದಾ?"

"ಇಲ್ಲೆ ಮಾವಾ, ಬೇಕು ಹೇಳೇ ಮಲಗ್ಸಿದ್ದು. ಗಾಜಿದ್ರೆ ಅತ್ತೆಗೆ ವಾಂತಿ ಬತ್ತು."

"ಹೀಂಗಿದ್ರೆ ಬತ್ತಿಲ್ಯಾ?"

"ಒಂಚೂರೂ ಇಲ್ಲೆ."

ಅವರು ಜೀಪಿನ ಸುತ್ತ ಒಂದು ಸುತ್ತು ಬಂದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದರು. ಆಕೆ ಒಳಗೆ ಹೋಗಿ ಒಂದು ಕೈಚೀಲ ತಂದು ಕೊಟ್ಟರು. "ಅಕ್ಕಾ, ಚೂರು ಸರಿ," ಎಂದು ಅವರು ಶಾಂತಿಯ ಜರಿ ಪಂಚೆಯಲ್ಲೇ ಹತ್ತಿಬಿಟ್ಟರು. ಪುರೋಹಿತರು ಊಟದೆಲೆಯಿಂದಲೇ ಏನೋ ಕೂಗಿದರು. ನಾನು ಗೇರ್ ಹಾಕಿದೆ.

ಸಿದ್ದಾಪುರ ದಾಟಿತು. ಯಾರಿಗೂ ಮಾತಿಲ್ಲ, ಹುಳದ ಭಯವೋ ಸಿಟ್ಟೋ ಗೊತ್ತಿಲ್ಲ. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ವಾಹನಗಳ ಸಾಲಿನಲ್ಲಿ ನಿಲ್ಲಬೇಕಾಯಿತು. ಅತ್ತೆಯ ತಮ್ಮ ಅತ್ತ ಕೈ ತೋರಿಸಿದರು.

"ಅಕ್ಕಾ, ಭಾವ ಹೋದ ಮರುದಿನ ಇಲ್ಲಿವರೆಗೆ ಬಂದಿದ್ದೆ. ಒಬ್ನೇ. ಬಸ್ಸಲ್ಲಿ ವಾಂತಿ ಮಾಡಿ ಮಾಡಿ ಎದ್ದು ನಿಂಬಲೂ ಆಗ್ದೆ, ಬೈಗಿನವರೆಗೆ ಅಲ್ಲೇ ಕೂತಿದ್ದು ವಾಪಸ್ ಹೋದೆ. ಎನಗೂ ಮೊದ್ಲಿಂದ ಹೀಂಗೇ. ಗಂಡಸಾದಂವ ವಾಂತಿ ಬತ್ತು ಹೇಳಿ ಯಾರತ್ರ ಹೇಳದು? ದನದ ಮೇಲೆ ಹಾಕ್ತಾ ಬಂದೆ."

ಅತ್ತೆ ಕಪ್ಪು ಕನ್ನಡಕದೊಳಗಿಂದಲೇ ತಮ್ಮನನ್ನು ನೋಡಿದರು. "ಮಳ್ಳು," ಎಂದರು. "ಎಂಥಾ ಮಳ್ಳು ಮಾರಾಯಾ ನೀನು!" ಆಮೇಲೆ ಆ ಕನ್ನಡಕ ತೆಗೆದು ತಮ್ಮನ ಕಿವಿಗೆ ಸಿಕ್ಕಿಸಿ, ತಾವು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮನೆಯವರೆಗೂ ಆ ಸೆರಗು ತೆಗೆಯಲಿಲ್ಲ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಅತ್ತೆ ಮೊದಲು ಇಳಿದು, ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಮೆಟ್ಟಿಲ ಮೇಲೆ ನಿಂತರು. ಅವರ ತಮ್ಮ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಇಳಿದರು. ಮುಖವೆಲ್ಲ ಧೂಳು, ಕನ್ನಡಕ ಇದ್ದಷ್ಟು ಜಾಗ ಮಾತ್ರ ಬಿಳಿ.

"ಇವತ್ತು ದನ ಕರು ಹಾಕಿದ್ದಿಲ್ಯಾ?" ಎಂದು ಕೇಳಿದರು ಅತ್ತೆ.

"ಇಲ್ಲೆ ಅಕ್ಕಾ."

ಕಾಲು ತೊಳೆದು ಮೆಟ್ಟಿಲು ಹತ್ತಿದವರು ಅಲ್ಲೇ ನಿಂತು ಒಳಗೆ ಇಣುಕಿದರು. "ಭಾವನ ಫೋಟೋ ಎಲ್ಲಿದ್ದು?" ಎಂದರು. ಅತ್ತೆ ಚೊಂಬು ಕೆಳಗಿಟ್ಟು, ತಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.