ಇನ್ನೂ ಎರಡು ಭಾಗ ಅದಾವ್ರಿ

ಮೊನ್ನೆ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ರಪ್ಪನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಹಳೆ ಸೀರೆಯ ವಾಸನೆ. ನನಗೆ ಮಾತ್ರ ಖಾನಾಪುರದ ಪಿಯಾನೋ ಟೀಚರ್... ಮಳೆಗಾಲ ಬಂತೆಂದರೆ ಅವರು ಪಿಯಾನೋದ ಹೊಟ್ಟೆಯೊಳಗೆ ಹುಳ ಬರದಿರಲೆಂದು ನುಸಿಗುಳಿಗೆ, ತೇವ ಹಿಡಿಯದಿರಲೆಂದು ಉರಿಯುವ ಬಲ್ಬು ಇಡುತ್ತಿದ್ದರು. ಕರೆಂಟು ಹೋಯಿತೋ, ಕರೆಂಟಿನವರಿಗೆ ಕೊಂಕಣಿಯಲ್ಲಿ ಬೈಗುಳ ಶುರು.

ಎರಡು ಸಾವಿರದ ಆಸುಪಾಸು. ನಾನಾಗ ಕಾಲೇಜು ಹುಡುಗಿ, ಬೆಳಗಾವಿಯ ಶಹಾಪುರದ ನೇಕಾರರ ಮನೆಯವಳು. ಶನಿವಾರ ಬಸ್ಸು ಹತ್ತಿ ಖಾನಾಪುರಕ್ಕೆ ಪಾಠಕ್ಕೆ ಹೋಗುತ್ತಿದ್ದೆ. "ಮಗ್ಗದ ಸಪ್ಪಳದಾಗ ಬೆಳದಾಕಿ, ನಿನಗ ತಾಳ ನಾ ಏನ್ ಕಲಸ್ಲಿ?" ಎಂದು ಟೀಚರ್ ಚೇಷ್ಟೆ ಮಾಡುತ್ತಿದ್ದರು.

ಅವರು ನನಗೆ ಒಂದು ಕಾನ್ಸರ್ಟೋ ಕಲಿಸಿದರು. ಪಿಯಾನೋದಲ್ಲಿ ಒಬ್ಬರೇ, ಎದುರಿಗೆ ಇಡೀ ವಾದ್ಯವೃಂದ. ಜಗಳವಾಡುತ್ತ, ರಾಜಿಯಾಗುತ್ತ ಮೂರು ಭಾಗ ಸಾಗಬೇಕು. ಮೊದಲನೆಯದು ಗಟ್ಟಿ, ಎರಡನೆಯದು ನಿಧಾನ, ಮೂರನೆಯದು ಓಟ. ಮೂರೂ ಸೇರಿದರೇ ಅದು ಪೂರ್ಣ.

ಬೆಳಗಾವಿಯ ಕ್ಯಾಂಪ್ ಪ್ರದೇಶದ ಸಭಾಂಗಣವೊಂದರಲ್ಲಿ ನುಡಿಸಲು ಕರೆದರು. ಪಿಯಾನೋ ಅಲ್ಲಿತ್ತು, ವಾದ್ಯವೃಂದ ಎಲ್ಲಿಂದ ತರುವುದು? ಟೀಚರ್ ನಾಟಕ ಕಂಪನಿಯಿಂದ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ತರಿಸಿ, ಪಿಟೀಲು, ಕೊಳಲು, ತುತ್ತೂರಿ ಎಲ್ಲರ ಪಾಲನ್ನೂ ತಾವೇ ನುಡಿಸಲು ಕುಳಿತರು.

ಮೊದಲ ಭಾಗ ಮುಗಿದದ್ದೇ ತಡ, ಚಪ್ಪಾಳೆ ಬಿತ್ತು. ಸಂಘಟಕರು ಶಾಲು, ಹಣ್ಣಿನ ಬುಟ್ಟಿ ಹಿಡಿದು ವೇದಿಕೆ ಹತ್ತಿಯೇಬಿಟ್ಟರು.

"ಭಾಳ ಛಂದ ಆತು ಮೇಡಂ. ಬರ್ರಿ, ಸತ್ಕಾರ ಮಾಡೂಣು."

ಟೀಚರ್ ಏಳಲಿಲ್ಲ. "ಇನ್ನೂ ಎರಡು ಭಾಗ ಅದಾವ್ರಿ."

"ಟೈಮ್ ಇಲ್ಲರೀ. ಪಾವಣ್ಯಾರು ಹೊಂಟು ನಿಂತಾರ." ಮುಂದಿನ ಸಾಲಿನ ಅತಿಥಿಗಳತ್ತ ಕೈ ತೋರಿಸಿದರು.

"ನಿಮ್ಮ ಉಸ್ತಾದರು ನಿಧಾನದ ವಿಲಂಬಿತ್ ಮುಗಿಸಿದ ಕೂಡ್ಲೆ ಶಾಲು ಹೊದಿಸಿ ಕಳಸ್ತೀರೇನ್ರಿ? ಓಟದ ದ್ರುತ್ ಯಾರು ಹಾಡಬೇಕು, ನಿಮ್ಮ ಶಾಲು?"

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಸಂಘಟಕರ ಮುಖ ಹುಳ್ಳಗಾಯಿತು. ಕೆಳಗಿಳಿದು ಮೈಕು ಬಂದ್ ಮಾಡಿಸಿದರು. ಅಯ್ಯೋ, ಪಿಯಾನೋಕ್ಕೆ ಮೈಕು ಯಾವ ಲೆಕ್ಕ! ಆದರೂ ನಾನು ಪಿಯಾನೋ ಮೇಲಿಂದ ಕೈ ತೆಗೆಯಲು ಹೊರಟೆ.

"ಕೈ ತಗೀಬ್ಯಾಡ ಹುಡುಗಿ," ಎಂದರು ಟೀಚರ್. "ಎದುರಿಗೆ ಎಷ್ಟ ಮಂದಿ ಇದ್ರೂ ನೀ ಒಬ್ಬಾಕಿ ಸಾಕು. ಇಷ್ಟು ದಿನ ಕಲ್ತದ್ದು ಅದನ್ನ ಅಲ್ಲೇನು?"

ನುಡಿಸಿದೆ. ಕುರ್ಚಿ ಎಳೆದ ಸದ್ದು ಕೇಳುತ್ತಿತ್ತು, ಅತಿಥಿಗಳು ಎದ್ದು ಹೋದರು. ಟೀಚರ್ ಹಾರ್ಮೋನಿಯಂ ತುಳಿದೇ ತುಳಿದರು. ಕೊನೆಗೆ ಉಳಿದದ್ದು ಬೆರಳೆಣಿಕೆಯ ಜನ, ಆದರೆ ನಾವು ಮುಗಿಸಿದೆವು. ಪೂರಾ ಮುಗಿಸಿದೆವು.

ಆಮೇಲೆ ಆ ಊರಿನ ಯಾವ ವೇದಿಕೆಗೂ ನಮ್ಮನ್ನು ಕರೆಯಲಿಲ್ಲ. ಕರೆಯದಿದ್ದರೆ ಅಷ್ಟೇ ಹೋಯಿತು! ಅರ್ಧಕ್ಕೆ ಎದ್ದು ಶಾಲು ಹೊದ್ದುಕೊಂಡಿದ್ದರೆ ಇವತ್ತು ನನಗೆ ನನ್ನ ಮುಖ ನೋಡಿಕೊಳ್ಳಲು ಆಗುತ್ತಿರಲಿಲ್ಲ.

ಟೀಚರ್ ತೀರಿಕೊಂಡು ಬಹಳ ವರ್ಷವಾಯಿತು. ಅವರ ಪಿಯಾನೋ ಈಗ ನನ್ನ ಮನೆಯಲ್ಲಿದೆ. ಅವರಿಲ್ಲ ಎಂಬ ಸಂಕಟ ಕಡಿಮೆಯಾಗಿಲ್ಲ, ಆಗುವುದೂ ಬೇಡ. ನಾನು ಅದೇ ಕಾನ್ಸರ್ಟೋ ನುಡಿಸಲು ಕೂತರೆ ಮಗಳು ಕೇಳುತ್ತಾಳೆ: "ಅವ್ವಾ, ಉಳಿದ ವಾದ್ಯ ಫೋನಿನ್ಯಾಗ ಹಚ್ಚಿಕೊಡ್ಲೇನು?"

"ಬ್ಯಾಡ."

ಟೀಚರ್ ಪಾಲು ಬಂದಲ್ಲಿ ಕೈಗಳನ್ನು ಮಡಿಲಲ್ಲಿಟ್ಟು, ಅವರು ನುಡಿಸಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕೂರುತ್ತೇನೆ. ಆ ಜಾಗಕ್ಕೆ ಇನ್ನೊಬ್ಬರನ್ನು ನಾನು ಕೂರಿಸುವುದಿಲ್ಲ.