ಮೂಗು ಕೈಕೊಟ್ಟ ಮೇಲೂ ಗಸಿ ಕುದಿಸುವ ಝಕರಿಯಾಕ

“ಇದು ಒಳ್ಳೆಯದಾ, ಹಾಳಾದದ್ದಾ?”

ಒಡೆದ ತೆಂಗಿನಕಾಯಿಯ ಹೋಳನ್ನು ಮೂಗಿಗೆ ಹಿಡಿದು ಝಕರಿಯಾ ಕೇಳುತ್ತಾರೆ. ಅಡುಗೆಮನೆಯಲ್ಲಿ ಬೇರೆ ಯಾರೂ ಇಲ್ಲ. ದೋಹಾದ ಅಲ್ ಮನ್ಸೂರಾದಲ್ಲಿ ಶುಕ್ರವಾರ ಬೆಳಗಿನ ಜಾವದ ಸುಬಹಿ ನಮಾಝು ಮುಗಿದು ಅರ್ಧ ಗಂಟೆಯಾಗಿದೆ. ಹೋಳು ಬೆಳ್ಳಗಿದೆ. ಆ ಬಿಳುಪನ್ನು ನಂಬಿಯೇ ಅವರು ಮೂರು ವಾರದ ಹಿಂದೆ ಕೆಟ್ಟದ್ದು.

ಪಾಣೆಮಂಗಳೂರಿನ ಈ ಬ್ಯಾರಿ ಅಡುಗೆಯವರಿಗೆ ಈಗ ಅರವತ್ತೊಂದು. ಈ ಹೋಟೆಲಿನ ಒಲೆಯ ಮುಂದೆ ನಿಂತು ಹತ್ತೊಂಬತ್ತು ವರ್ಷ. ದಿನಕ್ಕೆ ಇಪ್ಪತ್ತೆರಡು ತೆಂಗಿನಕಾಯಿ, ಮೂವತ್ತು ಕೋಳಿ. ಮೂರು ವರ್ಷದ ಹಿಂದೆ ಒಂದು ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಕೊಂಡೊಯ್ದಿತು. ಊರಿನಿಂದ ಹೆಂಡತಿ ಸಫೂರಾ ಫೋನಿನಲ್ಲಿ, “ಇವತ್ತು ಎಂತ ತಿಂದಿರಿ?” ಎಂದು ಕೇಳಿದರೆ ಹೆಸರು ಹೇಳುತ್ತಾರೆ. ತಿಂದದ್ದೆಲ್ಲ ಒಂದೇ ಎಂದು ಹೇಳಿಲ್ಲ.

“ಕೊತ್ತಂಬರಿ ಹುರಿಯುವಾಗ ಸದ್ದುಂಟು. ಮೆಣಸಿಗೆ ಬಣ್ಣ ಉಂಟು. ಉಪ್ಪಿಗೆ ಸೌಟಿನ ಅಳತೆ ಉಂಟು,” ಎನ್ನುತ್ತಾರೆ. “ತೆಂಗಿನಕಾಯಿಗೆ ಎಂತ ಉಂಟು ಹೇಳಿ.”

ಅದಕ್ಕೆ ಶಾಫಿ ಇದ್ದ. ಉಳ್ಳಾಲದವನು, ಪಾತ್ರೆ ತೊಳೆಯುತ್ತಿದ್ದ. ಪ್ರತಿ ಹೋಳನ್ನೂ ಮೂಸಿ, “ಆಗ್ತದೆ ಕಾಕ” ಅಥವಾ “ಕಮಟು, ಬಿಸಾಡಿ” ಎನ್ನುತ್ತಿದ್ದ. ಎರಡು ತಿಂಗಳ ಹಿಂದೆ ಅವನು ಊರಿಗೆ ಹೋದ. ಅವನ ಜಾಗಕ್ಕೆ ಬಂದವರು ತೆಂಗು ಬೆಳೆಯದ ಊರಿನವರು. ಮೂಸಲು ಕೊಟ್ಟರೆ ನಕ್ಕು ಎಲ್ಲದಕ್ಕೂ ತಲೆಯಾಡಿಸುತ್ತಾರೆ.

ಗುರುವಾರ ಸಂಜೆ ದೂರದ ಅಲ್ ಖೋರ್ ಪಟ್ಟಣದಿಂದ ಆರು ಜನ ಬರುತ್ತಾರೆ, ಒಂದೇ ಆಫೀಸಿನವರು. ಶುಕ್ರವಾರ ರಜೆ; ವಾರ ಮುಗಿದ ಖುಷಿಗೆ ತೆಂಗಿನಕಾಯಿ ಅರೆದು ಮಾಡಿದ ಕೋಳಿ ಗಸಿ, ರೊಟ್ಟಿ, ಒಬ್ಬರ ಬಟ್ಟಲಿಗೆ ಇನ್ನೊಬ್ಬರ ಕೈ. ಏಳು ವರ್ಷದಿಂದ ಒಂದೇ ಮೇಜು. ಮೊದಲ ತುತ್ತು ಬಾಯಿಗೆ ಹೋಗುವವರೆಗೆ ಝಕರಿಯಾ ಪಕ್ಕದಲ್ಲೇ ನಿಲ್ಲುವುದು ರೂಢಿ. “ಇನ್‌ಸ್ಪೆಕ್ಷನ್‌ಗೆ ಬಂದ್ರು,” ಎಂದು ಆ ಆರರಲ್ಲೊಬ್ಬಳಾದ ಗ್ರೀಷ್ಮಾ ಕಿಚಾಯಿಸುವುದೂ ರೂಢಿ.

ಮೂರು ವಾರದ ಹಿಂದಿನ ಗುರುವಾರ ಯಾರೂ ಕಿಚಾಯಿಸಲಿಲ್ಲ. ಎಲ್ಲರೂ ಒಂದೆರಡು ತುತ್ತು ತಿಂದರು, ಚೆನ್ನಾಗಿದೆ ಎಂದರು. ಝಕರಿಯಾ ಒಳಗೆ ಹೋದರು. ಆಮೇಲೆ ಆರು ಬಟ್ಟಲುಗಳು ತುಂಬಿದಂತೆಯೇ ವಾಪಸು ಬಂದವು. ಕಾಯಿ ಕಮಟಾಗಿತ್ತೆಂದು ಝಕರಿಯಾರಿಗೆ ಆಗ ಅರ್ಥವಾಯಿತು. ಮರುದಿನ ಜುಮಾ ನಮಾಝು ಮುಗಿಸಿ ಮಾಲೀಕ ನೌಶಾದರಿಗೆ ತಾವಾಗಿಯೇ ಮೂಗಿನ ವಿಷಯವೆಲ್ಲ ಹೇಳಿದರು.

“ಮೂಗಿಲ್ಲದ ಮೇಲೆ ಎಂತ ಅಡುಗೆ ಮಾರಾಯ್ರೆ?” ಎಂದರು ನೌಶಾದ್. “ಕಣ್ಣು ಕಾಣದ ಡ್ರೈವರ್‌ಗೆ ಗಾಡಿ ಕೊಡ್ತಾರಾ? ಆ ಗುರುವಾರದವರು ಬಂದು ನಿಮ್ಮ ಗಸಿಯೇ ಬೇಕು ಅಂದ್ರೆ ಇರಿ. ಇಲ್ಲಾಂದ್ರೆ ತಿಂಗಳ ಕೊನೆಗೆ ಖಲಾಸ್.”

ಆ ಆರು ಜನ ಮತ್ತೆ ಬರಲಿಲ್ಲ. ಈ ಒಲೆ ಹೋದರೆ ವೀಸಾ ಹೋಗುತ್ತದೆ. ಈ ವಯಸ್ಸಿನಲ್ಲಿ, ಈ ಮೂಗಿಗೆ, ಇನ್ನೊಂದು ಒಲೆ ಯಾರೂ ಕೊಡುವುದಿಲ್ಲ. ನಮಾಝಿನ ನಂತರದ ಪ್ರಾರ್ಥನೆ ಈಗ ಉದ್ದವಾಗಿದೆ, ತುಟಿ ಅಲುಗುತ್ತಲೇ ಇರುತ್ತದೆ.

ಒಂಬತ್ತಕ್ಕೆ ರಿತೇಶ್ ಬರುತ್ತಾನೆ, ಆ ಗುರುವಾರದ ಗುಂಪಿನ ಹಿರಿಯ. ಝಕರಿಯಾ ಫೋನ್ ಮಾಡಿ ಕರೆಸಿದ್ದಾರೆ. ಚಹಾ ತಂದಿಡುತ್ತಾರೆ.

“ಗ್ರೀಷ್ಮಾ ಹೇಗಿದ್ದಾಳೆ ಮೋನೆ?” ಎಂದು ಮಗನನ್ನು ಕರೆದಂತೆ ಕೇಳುತ್ತಾರೆ.

“ಈಗ ಅಡ್ಡಿಯಿಲ್ಲ. ಅವತ್ತು ಅಲ್ ಖೋರ್ ಮುಟ್ಟುವಷ್ಟರಲ್ಲಿ ಅವಳ ವಾಂತಿಗೆ ನಾಲ್ಕು ಸಲ ಕಾರು ನಿಲ್ಲಿಸಿದೆವು.”

“ಬಾಯಿಗಿಟ್ಟ ಕೂಡಲೇ ಗೊತ್ತಾಗಿರ್ತದಲ್ಲ. ಯಾಕೆ ಹೇಳ್ಲಿಲ್ಲ?”

“ನೀವು ಎದುರಿಗೇ ನಿಂತಿದ್ರಿ. ಹೇಗೆ ಹೇಳೋದು? ಅವಳು ನಿಮ್ಮ ಮುಖ ನೋಡಿ ಇನ್ನೊಂದು ತುತ್ತು ನುಂಗಿದ್ಳು.”

ಝಕರಿಯಾ ದನಿ ತಗ್ಗಿಸುತ್ತಾರೆ. ಕೌಂಟರಿನಿಂದ ನೌಶಾದ್ ಇತ್ತಲೇ ನೋಡುತ್ತಿದ್ದಾರೆ.

“ಒಂದು ಉಪಕಾರ ಮಾಡು. ಮುಂದಿನ ಗುರುವಾರ ಎಂದಿನ ಹಾಗೆ ಬರ್ತೇವೆ, ಝಕರಿಯಾಕನ ಗಸಿಯೇ ಆಗ್ಬೇಕು ಅಂತ ನೌಶಾದನ ಹತ್ರ ಒಂದು ಮಾತು ಹೇಳು. ಬರದಿದ್ರೂ ಅಡ್ಡಿಯಿಲ್ಲ. ಹೇಳಿದ್ರೆ ಸಾಕು.”

ರಿತೇಶ್ ಲೋಟವನ್ನು ದೂರ ಸರಿಸುತ್ತಾನೆ. ಈ ಸಲ ಅವನು ಝಕರಿಯಾರ ಮುಖವನ್ನೇ ನೋಡುತ್ತಾನೆ.

“ಇಲ್ಲ ಝಕರಿಯಾಕ. ಅದನ್ನು ನಾನು ಹೇಳುವುದಿಲ್ಲ.”